ಜಾಕ್‌ಪಾಟಿನ ಕೀಲಿ ಮತ್ತು ಲೀಡ್ಸಿನ ರಾಹುಕಾಲ

ಇಂಗ್ಲೆಂಡಿನ ಲೀಡ್ಸಿನಲ್ಲಿ ನಾನು ಕೊನೆಯದಾಗಿ ಮಾಡಿದ ಕೆಲಸ ಒಂದು ಬಿಂಗೋ ಹಾಲಿನಲ್ಲಿ, ನಮ್ಮವರು ಹೌಸಿ ಎನ್ನುವ ಆಟದ ಜಾಗದಲ್ಲಿ. ಹೆಡಿಂಗ್ಲೀಯಿಂದ ಪೇಟೆಯೊಳಗೆ ಹೋಗುವ ಬಸ್ಸಿನ ದಾರಿಯಲ್ಲಿ ಅದು ಸಿಗುತ್ತಿತ್ತು. ಹಿಂದೊಮ್ಮೆ ಸಿನೆಮಾ ಟಾಕೀಸಾಗಿದ್ದ ಕಟ್ಟಡ. ಪರದೆಯಿದ್ದ ಜಾಗದಲ್ಲಿ ವೇದಿಕೆ, ವೇದಿಕೆಯ ಮೇಲೆ ಅಂಕೆ ಕೂಗುವವನ ಮೇಜು, ಕೆಳಗೆ ಸಾಲಾಗಿ ಕೂತು ಟಿಕೆಟಿನ ಮೇಲೆ ಅಂಕೆ ಹೊಡೆಯುವ ಹೆಂಗಸರು. ಹಾಲಿನ ಒಂದು ಮಗ್ಗುಲಲ್ಲಿ ಉದ್ದನೆಯ ಓಣಿಯಂಥ ಜಾಗ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ, ನಾಣ್ಯ ಹಾಕಿ ಚಿತ್ರದ ಚಕ್ರ ತಿರುಗಿಸುವ ಸ್ಲಾಟ್ ಮಷೀನುಗಳು. ಅವುಗಳ ಉಸ್ತುವಾರಿ ನನ್ನದು. ಊರಿನಿಂದ ಯಾರಾದರೂ ಫೋನು ಮಾಡಿ ವಿಚಾರಿಸಿದರೆ ನನ್ನ ಯಜಮಾನರು, ಅವಳು ಒಂದು ಕ್ಲಬ್ಬಿನಲ್ಲಿ ಆಡಳಿತ ನೋಡಿಕೊಳ್ಳುತ್ತಾಳೆ ಎಂದು ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಮಂಗಳೂರಿನ ಮಿಶನ್ ಆಸ್ಪತ್ರೆಯಲ್ಲಿ ನರ್ಸಾಗಿ ತಯಾರಾದವಳು ಜೂಜಿನ ಮಷೀನಿನ ಪಕ್ಕದಲ್ಲಿ ಹೇಗೆ ಬಂದು ನಿಂತೆ ಎಂದರೆ, ಅದಕ್ಕೆ ಕಾರಣ ನನ್ನ ಸೊಂಟ. ಲೀಡ್ಸಿನ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ಎತ್ತಿ ಕೂರಿಸಿ, ಕೂರಿಸಿ ಅದು ಒಂದು ದಿನ ಮುಷ್ಕರ ಹೂಡಿತು. ಇನ್ನು ಭಾರ ಎತ್ತುವ ಕೆಲಸ ಬೇಡ ಎಂದು ನಮ್ಮ ಡಾಕ್ಟರು ಹೇಳಿದರು. ಜಾಬ್ ಸೆಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ಭಾರವಿಲ್ಲದ, ಹಗಲು ಹೊತ್ತಿನ, ಬೆಚ್ಚಗಿನ ಕೆಲಸವೊಂದಿದೆ ಎಂದಳು. ಬೆಚ್ಚಗಿನ ಎಂದ ಕೂಡಲೇ ನಾನು ಸಹಿ ಹಾಕಲು ಪೆನ್ನು ತೆಗೆದೆ.

ಹಾಲಿನ ಸೂಪರ್ವೈಸರ್ ಒಬ್ಬ ಎತ್ತರದ ಯಾರ್ಕ್‌ಶೈರಿನವನು. ಅಲ್ಲಿಯವರ ರೂಢಿಯಂತೆ ಗಂಡಸು, ಹೆಂಗಸು, ಪೋಸ್ಟ್‌ಮನ್, ಎಲ್ಲರನ್ನೂ ‘ಲವ್’ ಎಂದೇ ಕರೆಯುತ್ತಿದ್ದ. ಮೊದಲ ವಾರ ನನಗೆ ಪ್ರತಿ ಸಲವೂ ಸೆರಗು ಸರಿಮಾಡಿಕೊಳ್ಳುವ ಹಾಗಾಗುತ್ತಿತ್ತು, ಹಾಕಿದ್ದು ಪ್ಯಾಂಟಾದರೂ. ಕೀಲಿ ಇಟ್ಟುಕೊಳ್ಳುವ ಕೆಲಸ ಮಾಡಿದ ಅನುಭವ ಇದೆಯೇ ಎಂದು ಆತ ಸಂದರ್ಶನದಲ್ಲಿ ಕೇಳಿದ್ದ. ನಾನು ನಮ್ಮ ಆಸ್ಪತ್ರೆಯ ಮಾರ್ಫೀನ್ ಬೀರುವಿನ ವಿಷಯ ಹೇಳಿದೆ. ಅದರ ಕೀಲಿ ಸಿಸ್ಟರಿನ ಸೊಂಟದಲ್ಲೇ ಇರಬೇಕು. ತೆಗೆಯುವಾಗ ಇಬ್ಬರು ನೋಡಬೇಕು. ಒಬ್ಬಳು ಅಳೆದರೆ ಇನ್ನೊಬ್ಬಳು ಬಾಯಿಬಿಟ್ಟು ಓದಬೇಕು. ನಮ್ಮ ಮೇಟ್ರನ್ನಿಗೆ ಅವಸರ ಎಂಬ ಪದವೇ ಆಗದು. ಬೆಂಕಿ ಬಿದ್ದರೂ ಮೊದಲು ಕೈ ತೊಳೆದುಕೊಂಡು ಆಮೇಲೆ ಓಡಿ ಎನ್ನುವ ಹೆಂಗಸು. ಸೂಪರ್ವೈಸರ್ ಪೂರ್ತಿ ಕೇಳಿ, ಸೋಮವಾರ ಬನ್ನಿ ಎಂದ.

ಕೆಲಸ ನೋಡಿದರೆ ನಿಜಕ್ಕೂ ಅದೇ ಶಿಸ್ತು. ಸಣ್ಣಪುಟ್ಟ ಗೆಲುವನ್ನು ಮಷೀನು ತಾನೇ ಕೊಟ್ಟುಬಿಡುತ್ತದೆ. ಅದರ ಹೊಟ್ಟೆಯೊಳಗಿನ ಡಬ್ಬಿ ತಿರುಗಿ, ನಾಣ್ಯಗಳನ್ನು ಒಂದೊಂದಾಗಿ ಕೆಳಗಿನ ತಟ್ಟೆಗೆ ಉಗುಳುತ್ತದೆ. ಜಾಕ್‌ಪಾಟು ಬಂದರೆ ಮಾತ್ರ ಡಬ್ಬಿಗೆ ಅಷ್ಟು ತ್ರಾಣವಿಲ್ಲ. ಆಗ ಮಷೀನು ಕೈಚೆಲ್ಲಿ ಕೂರುತ್ತದೆ: ಗುಂಡಿ ಒತ್ತಿದರೆ ಸೊಲ್ಲಿಲ್ಲ, ನೆತ್ತಿಯ ದೀಪ ಮಿಣುಕುತ್ತದೆ, ಒಂದೇ ರಾಗವನ್ನು ಬಿಡದೆ ಬಾರಿಸುತ್ತದೆ, ಅಟೆಂಡೆಂಟನ್ನು ಕರೆಯಿರಿ ಎಂಬ ಅಕ್ಷರ ಹೊಳೆಯುತ್ತದೆ. ಮಷೀನಿನ ಪಕ್ಕೆಯಲ್ಲಿ ಒಂದು ಕೀಲಿ ಸ್ವಿಚ್ಚು. ಅದರ ಕೀಲಿ ಮನೆಯ ಕೀಲಿಯ ಹಾಗಲ್ಲ. ತುದಿ ದುಂಡಗೆ, ಟೊಳ್ಳಾಗಿ, ಪುಟ್ಟ ಕೊಳವೆಯಂತೆ. ಅದನ್ನು ತೂರಿಸಿ ತಿರುಗಿಸಿದರೆ, ಹಣವನ್ನು ಮನುಷ್ಯರು ಕೈಯಿಂದ ಕೊಟ್ಟಾಯಿತು ಎಂದು ಮಷೀನು ತಿಳಿಯುತ್ತದೆ. ರಾಗ ನಿಲ್ಲುತ್ತದೆ, ಗೆದ್ದ ಮೊತ್ತ ಅಳಿಯುತ್ತದೆ, ಮುಂದಿನವರು ಆಡಬಹುದು. ನಿಜವಾಗಿ ಕೊಟ್ಟೆವೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಕೀಲಿ ತಿರುಗಿದ ಮೇಲೆ ಯಾರ ಜಾಕ್‌ಪಾಟು, ಎಂಥ ಜಾಕ್‌ಪಾಟು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಇರುವುದಿಲ್ಲ.

ಆದ್ದರಿಂದ ಕ್ರಮ ಹೀಗೆ. ನಾನು ಚಕ್ರಗಳ ಸಾಲನ್ನೂ ಮೊತ್ತವನ್ನೂ ನೋಡಬೇಕು. ಸೂಪರ್ವೈಸರ್ ಬಂದು ತಾನೂ ನೋಡಬೇಕು. ಗೆದ್ದವರ ಕೈಗೆ ಆತ ಹಣ ಕೊಡಬೇಕು, ಅವರು ಸಹಿ ಮಾಡಬೇಕು. ಕೀಲಿ ತಿರುಗುವುದು ಎಲ್ಲದರ ಕೊನೆಗೆ. ಅಲ್ಲಿಯವರೆಗೆ ಗೆದ್ದವರು ಸೀಟು ಬಿಟ್ಟು ಏಳುವ ಹಾಗಿಲ್ಲ. ಎದ್ದು ಹೋದರೆ ವಿಷಯ ಹೆಡ್ ಆಫೀಸಿಗೆ ಹೋಗುತ್ತದೆ. ಅವರು ವಿಚಾರಣೆ ಮಾಡಿ, ಕೊಡುತ್ತೇವೆಂದೋ ಇಲ್ಲವೆಂದೋ ಮನೆಗೆ ಕಾಗದ ಬರೆಯುತ್ತಾರೆ. ಇದಿಷ್ಟು ನನಗೆ ಬಹಳ ಹಿಡಿಸಿತು. ಜೂಜಿನ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಜೂಜಾಡುವ ಜಾಗದಷ್ಟು ಅಚ್ಚುಕಟ್ಟು ನಮ್ಮ ದೇವಸ್ಥಾನದ ಸಮಿತಿಯಲ್ಲಿ ಇರಲಿಲ್ಲ.

ಆ ಹಾಲಿಗೆ ಉಡುಪಿ ಕಡೆಯ ಹೆಂಗಸೊಬ್ಬರು ಬರುತ್ತಿದ್ದರು. ನನಗಿಂತ ನಾಲ್ಕಾರು ವರ್ಷ ಹಿರಿಯರು. ಒಂದು ದಿನ ನನ್ನ ಬೆನ್ನ ಹಿಂದೆ ಯಾರೋ ಮಷೀನಿಗೆ, “ತಿಂದದ್ದು ಸಾಕಲ್ಲ, ಇನ್ನಾದ್ರೂ ಕಕ್ಕು” ಎಂದು ಕನ್ನಡದಲ್ಲಿ ಗದರುವುದು ಕೇಳಿ ತಿರುಗಿದೆ. ಹಾಗೆ ಪರಿಚಯ. ನಾನು ಅವರನ್ನು ಅಕ್ಕ ಎಂದೆ. ಅವರು ನನ್ನ ಹಳೆಯ ಕೆಲಸ ತಿಳಿದ ದಿನದಿಂದ ನನ್ನನ್ನು ಸಿಸ್ಟರ್ ಎಂದರು. ಅವರ ಮಗಳು ಡಾಕ್ಟರು, ಅಳಿಯ ಸಾಫ್ಟ್‌ವೇರಿನವರು. ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಶಾಲೆ ಬಿಡುವವರೆಗೆ ಇವರಿಗೆ ಬಿಡುವು. ಶಾಲೆ ನಮ್ಮ ಹಾಲಿನ ಹಿಂದಿನ ಬೀದಿಯಲ್ಲೇ ಇತ್ತು. ಹಾಲಿನಲ್ಲಿ ಹೀಟರು ಇತ್ತು, ಚಹಾ ಅಗ್ಗ. ಮನೆಯಲ್ಲಿ ಲೈಬ್ರರಿಗೆ ಹೋಗುತ್ತೇನೆಂದು ಹೇಳಿದ್ದರು. ಚಹಾಕ್ಕೆ ಎಷ್ಟೋ ಅಷ್ಟೇ ಚಿಲ್ಲರೆಯನ್ನು ಮಷೀನಿಗೂ ಹಾಕಿ, ಮುಗಿದ ಕೂಡಲೇ ಏಳುತ್ತಿದ್ದರು. ಆ ಮಟ್ಟಿಗೆ ಅವರೂ ಕ್ರಮದ ಹೆಂಗಸೇ.

ಅವರಿಗೆ ಒಂದು ಆಸೆಯಿತ್ತು: ಕಾರು ಓಡಿಸಲು ಕಲಿಯಬೇಕು. ಊರಿನಲ್ಲಿ ಯಜಮಾನರ ಅಂಬಾಸಡರ್ ಇದ್ದಾಗ ಅದನ್ನು ಒರೆಸುವುದಕ್ಕೆ ಮಾತ್ರ ಇವರ ಕೈಗೆ ಸಿಗುತ್ತಿತ್ತಂತೆ. ಇಲ್ಲಿ ತರಕಾರಿಗೆ, ದೇವಸ್ಥಾನಕ್ಕೆ, ಕನ್ನಡದವರ ಮನೆಗೆ, ಎಲ್ಲಿಗೇ ಹೋಗುವುದಾದರೂ ಅಳಿಯನಿಗೆ ಯಾವಾಗ ಪುರುಸೊತ್ತು ಎಂದು ಕಾಯಬೇಕು. ಕಲಿಯುವವರ ಲೈಸೆನ್ಸನ್ನು ಪೋಸ್ಟಾಫೀಸಿನಲ್ಲಿ ವಿಚಾರಿಸಿ ತಾವೇ ಗುಟ್ಟಾಗಿ ಮಾಡಿಸಿಕೊಂಡಿದ್ದರು. ಪರ್ಸಿನಿಂದ ತೆಗೆದು ನನಗೆ ತೋರಿಸಿದ್ದರು. ಫೋಟೋದಲ್ಲಿ ಯಾರನ್ನೋ ದಸ್ತಗಿರಿ ಮಾಡಲು ಹೊರಟವರ ಹಾಗಿದ್ದರು. ಇನ್ನು ಬೇಕಾದ್ದು ಡ್ರೈವಿಂಗ್ ಪಾಠದ ಫೀಸು.

ಮಗಳನ್ನು ಕೇಳಿ ಎಂದೆ.

“ಕೇಳಿದ್ರೆ ಕೊಡ್ತಾಳೆ ಸಿಸ್ಟರ್. ಆದ್ರೆ ಅಳಿಯ ನಗ್ತಾರೆ. ಬಾಯಿಬಿಟ್ಟು ನಗುದಿಲ್ಲ, ಮರ್ಯಾದೆಯವರು. ಅವರದ್ದು ಒಂದು ಮೀಸೆಯೊಳಗಿನ ನಗೆ ಉಂಟು. ಅದು ನನಗಾಗುದಿಲ್ಲ ಮಾರಾಯ್ತಿ.”

ಆದ್ದರಿಂದ ಅವರು ಮಷೀನನ್ನು ಕೇಳುತ್ತಿದ್ದರು.

ಮಷೀನು ಕೊಟ್ಟದ್ದು ಡಿಸೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಯ ಸುಮಾರಿಗೆ. ನಾನು ಓಣಿಯ ಆ ತುದಿಯಲ್ಲಿದ್ದೆ. ರಾಗ ಶುರುವಾಯಿತು, ದೀಪ ಮಿಣುಕಿತು. ಹೋಗಿ ನೋಡಿದರೆ ಅಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹಾಲು ಉಕ್ಕುವುದನ್ನು ನೋಡುವವರ ಹಾಗೆ ಮಷೀನನ್ನು ನೋಡುತ್ತಿದ್ದರು. ಸಾಲು ಸರಿಯಾಗಿತ್ತು, ಮೊತ್ತ ಸರಿಯಾಗಿತ್ತು. ಇಡೀ ಜಾಕ್‌ಪಾಟು. ಪಾಠದ ಫೀಸಿಗೆ ಸಾಕಾಗಿ, ಮೇಲೊಂದು ಒಳ್ಳೆಯ ಚಳಿಯ ಕೋಟು ಕೊಳ್ಳಲೂ ಆದೀತು ಎಂದು ಅಕ್ಕನೇ ಲೆಕ್ಕ ಹಾಕಿದರು. ಕೂತಲ್ಲಿಂದ ಏಳಬೇಡಿ ಎಂದು ಹೇಳಿ ಸೂಪರ್ವೈಸರನನ್ನು ಕರೆಯಲು ಹೋದೆ.

ಆತ ವೇದಿಕೆಯ ಮೇಲೆ ಅಂಕೆ ಕೂಗುತ್ತಿದ್ದ. ಆ ದಿನ ಕೂಗಬೇಕಾದವನಿಗೆ ಗಂಟಲು ಕಟ್ಟಿತ್ತಂತೆ. ಆಟದ ನಡುವೆ ಇಳಿಯುವ ಹಾಗಿಲ್ಲ. ನಾನು ಬೆರಳೆತ್ತಿದೆ, ಆತ ಕೂಗುತ್ತಲೇ ತಲೆಯಾಡಿಸಿದ. ಆ ಆಟವೋ, ಮುಗಿಯದು. ಮುಗಿದರೆ ಒಂದೇ ಸಲಕ್ಕೆ ಇಬ್ಬರು ಗೆದ್ದೆವೆಂದು ಕೂಗಿದರು, ಅವರ ಟಿಕೆಟು ತಾಳೆ ನೋಡಬೇಕಾಯಿತು. ಎಲ್ಲ ಮುಗಿದು ಆತ ಆಫೀಸಿನಿಂದ ಹಣ ತೆಗೆದುಕೊಂಡು ಓಣಿಗೆ ಬರುವಾಗ ಮೂರು ದಾಟಿತ್ತು. ಆತ ಚಕ್ರ ನೋಡಿದ, ಮೊತ್ತ ನೋಡಿದ, ಅಭಿನಂದನೆ ಹೇಳಿ ನೋಟಿನ ಲಕೋಟೆಯನ್ನು ಮುಂದೆ ಹಿಡಿದ.

ಅಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಈಗ ಬೇಡ ಅಂತ ಹೇಳು ಸಿಸ್ಟರ್.”

“ಬೇಡವಾ? ಎಂತದಕ್ಕೆ ಅಕ್ಕ?”

“ಇವತ್ತು ಮಂಗಳವಾರ ಅಲ್ವಾ. ಮೂರು ಹೊಡೀತು, ರಾಹುಕಾಲ ಕೂತಿತು. ಕಾರು ಕಲೀಲಿಕ್ಕೆ ಇರುವ ಹಣ ಇದು. ರಾಹುಕಾಲದಲ್ಲಿ ಮುಟ್ಟಿದ್ರೆ ಮೊದಲನೇ ದಿನವೇ ಯಾರದ್ದಾದ್ರೂ ಕಂಪೌಂಡಿಗೆ ಹೋಗಿ ಹೊಡೀತೇನೆ.”

ಏನಂತೆ ಎಂದು ಸೂಪರ್ವೈಸರ್ ಕೇಳಿದ. ನಾಲ್ಕೂವರೆಯವರೆಗೆ ಆಕೆ ಹಣ ಮುಟ್ಟುವ ಹಾಗಿಲ್ಲ ಎಂದೆ. ಧರ್ಮದ ವಿಷಯವೇ ಎಂದು ಆತ ಧ್ವನಿ ತಗ್ಗಿಸಿ ವಿಚಾರಿಸಿದ. ಅಂಥ ವಿಷಯಗಳಲ್ಲಿ ಎಚ್ಚರವಾಗಿರಬೇಕೆಂದು ಅವರಿಗೆ ಆ ವರ್ಷವೇ ತರಬೇತಿ ಕೊಟ್ಟಿದ್ದರು. ಅಲ್ಲ, ಟೈಮ್‌ಟೇಬಲಿನ ವಿಷಯ ಎಂದೆ. ಟೈಮ್‌ಟೇಬಲು ಎಂದರೆ ಆತನಿಗೆ ಅರ್ಥವಾಗುತ್ತಿತ್ತು. ಆದರೂ, ಜಾಕ್‌ಪಾಟಿಗೆ ಆಮೇಲೆ ಬನ್ನಿ ಎಂದವರನ್ನು ಈ ಕೆಲಸದಲ್ಲಿ ತಾನು ನೋಡಿದ್ದು ಇದೇ ಮೊದಲು ಎಂದ.

ನಾಲ್ಕೂವರೆಯವರೆಗೆ ಕಾಯುವುದಾದರೆ ಕಾಯಬಹುದಿತ್ತು, ಮಷೀನು ಬಾರಿಸಿಕೊಳ್ಳುತ್ತಿರುತ್ತಿತ್ತು. ಆದರೆ ಮೂರೂವರೆಗೆ ಶಾಲೆ ಬಿಡುತ್ತದೆ. ಅಕ್ಕ ಗೇಟಿನಲ್ಲಿ ಇಲ್ಲದಿದ್ದರೆ ಶಾಲೆಯವರು ಮಗಳ ಕ್ಲಿನಿಕ್ಕಿಗೆ ಫೋನು ಮಾಡುತ್ತಾರೆ, ಮಗಳು ಲೈಬ್ರರಿಗೆ ಮಾಡುತ್ತಾಳೆ. ಮೊಮ್ಮಗಳನ್ನು ಕರೆತರಲು ಎದ್ದರೆ ಸೀಟು ಬಿಟ್ಟಂತೆ. ಮೊಮ್ಮಗಳನ್ನೇ ಇಲ್ಲಿಗೆ ತರೋಣವೆಂದರೆ ಮಕ್ಕಳಿಗೆ ಪ್ರವೇಶವಿಲ್ಲ. ಹೆಡ್ ಆಫೀಸಿನ ಕಾಗದ ಮನೆಗೆ ಬಂದರೆ ಅದನ್ನು ಒಡೆಯುವವರು ಅಳಿಯ. ಹಣ ಬಂದರೂ, ಬಾರದಿದ್ದರೂ, ಆ ಮೀಸೆಯೊಳಗಿನ ನಗೆಯಂತೂ ಖಂಡಿತ.

ಅಕ್ಕ ಉಪಾಯ ಹುಡುಕಿದರು. ಹಣವನ್ನು ನನ್ನ ಕೈಗೆ ಕೊಡಲಿ ಎಂದರು. ಗೆದ್ದವರ ಹಣ ಕೆಲಸದವರ ಕೈಯಲ್ಲಿ ನಿಲ್ಲಕೂಡದು ಎಂದೆ. ಹಾಗಾದರೆ ಸೀಟಿನ ಮೇಲೆ ಇಡಲಿ, ತಾನು ಅದರ ಮೇಲೆ ಕೂತುಕೊಳ್ಳುತ್ತೇನೆ, ಕೈ ಮುಟ್ಟಿದಂತಾಗುವುದಿಲ್ಲ ಎಂದರು. ಇದನ್ನು ಇಂಗ್ಲಿಷಿಗೆ ತಂದಾಗ ಸೂಪರ್ವೈಸರ್ ಬಹಳ ಹೊತ್ತು ಚಾವಣಿ ನೋಡಿದ. ನಿಯಮದಲ್ಲಿ ಕೈ ಎಂದೇ ಇದೆಯಂತೆ. ಪಕ್ಕದ ಮಷೀನಿನ ಮುದುಕನೊಬ್ಬ, ಬೇಕಾದರೆ ಆಕೆ ಬರುವ ತನಕ ಆ ಸೀಟಿನಲ್ಲಿ ತಾನು ಕೂತಿರುತ್ತೇನೆ ಎಂದು ಮುಂದೆ ಬಂದ. ಅಕ್ಕನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಪೂರ್ತಿ ತಿಳಿದು ಒಂದು ನೋಟ ನೋಡಿದರು. ಮುದುಕ ತನ್ನ ಗುಂಡಿಗೆ ವಾಪಸಾದ.

ನನ್ನ ಕೈಯಲ್ಲಿ ಕೀಲಿ ಬೆಚ್ಚಗಾಗುತ್ತಿತ್ತು. ರಾಹುವನ್ನು ನಾನು ನಂಬುತ್ತೇನೋ ಇಲ್ಲವೋ ಅದು ಬೇರೆ ಮಾತು. ಲೆಕ್ಕ ತಪ್ಪಿದ ರಾಹುಕಾಲವನ್ನಂತೂ ನಂಬುವುದಿಲ್ಲ. ಅಲ್ಲಿ ನಿಂತಿದ್ದಾಗ ನನಗೆ ಒಂದು ಪ್ರಶ್ನೆ ಹೊಳೆಯಿತು.

“ಅಕ್ಕ, ಈ ಮೂರು ಗಂಟೆ ಎಲ್ಲಿ ನೋಡಿದ್ದು?”

“ಕ್ಯಾಲೆಂಡರಿನಲ್ಲಿ.”

“ಯಾವ ಊರಿನ ಕ್ಯಾಲೆಂಡರು?”

“ಉಡುಪಿದು. ಜವಳಿ ಅಂಗಡಿಯವರು ಕೊಟ್ಟದ್ದು. ಅಡಿಗೆಮನೆಯಲ್ಲಿ ನೇತುಹಾಕಿದ್ದೇನೆ, ಫ್ರಿಜ್ಜಿನ ಮೇಲೆ.”

ಸೂರ್ಯ ಹುಟ್ಟಿ ಮುಳುಗುವವರೆಗಿನ ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ರಾಹುವಿನದು. ಮಂಗಳವಾರ ಅದು ಏಳನೆಯದು. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ಆರಕ್ಕೆ ಬಂದು ಆರಕ್ಕೆ ಹೋಗುವ ಶಿಸ್ತಿನ ನೌಕರ, ಅದಕ್ಕೇ ಮೂರರಿಂದ ನಾಲ್ಕೂವರೆ. ಲೀಡ್ಸಿನ ಡಿಸೆಂಬರಿನ ಸೂರ್ಯನಿಗೆ ಆ ಶಿಸ್ತೆಲ್ಲಿ? ಎಂಟು ದಾಟಿದ ಮೇಲೆ ಮುಖ ತೋರಿಸಿ, ನಾಲ್ಕರೊಳಗೆ ಕೋಟು ಹಾಕಿಕೊಂಡು ಹೊರಟುಬಿಡುತ್ತಾನೆ. ಇದನ್ನೇ ಅಕ್ಕನಿಗೆ ಬಿಡಿಸಿ ಹೇಳಿದೆ. ನಾಲ್ಕೂವರೆಗೆ ಇಲ್ಲಿ ಬೀದಿದೀಪ ಹತ್ತಿರುತ್ತದೆ, ಸೂರ್ಯನೇ ಇಲ್ಲದ ಹೊತ್ತಿನಲ್ಲಿ ಹಗಲಿನ ರಾಹುಕಾಲ ಎಲ್ಲಿಂದ ಬರಬೇಕು ಎಂದು ಕೇಳಿದೆ. ಅಕ್ಕ ಬೆನ್ನ ಹಿಂದಿನ ಕೈಯನ್ನು ಬಿಡದೆ ಯೋಚಿಸಿದರು.

“ಲೆಕ್ಕ ಮಾಡಿ ತೋರಿಸು. ಬಾಯಿಮಾತು ಬೇಡ.”

ಚಹಾದ ಕೌಂಟರಿನಲ್ಲಿ ಆ ದಿನದ ಪತ್ರಿಕೆ ಬಿದ್ದಿರುತ್ತಿತ್ತು. ಹವಾಮಾನದ ಮೂಲೆಯಲ್ಲಿ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ಹಾಕಿರುತ್ತಾರೆ. ಅದನ್ನು ತಂದು, ಹಳೆಯ ಬಿಂಗೋ ಟಿಕೆಟೊಂದರ ಹಿಂಬದಿಯಲ್ಲಿ ಭಾಗಾಕಾರಕ್ಕೆ ಕೂತೆ. ಮೊದಲು ಕೈಗೆ ಸಿಕ್ಕಿದ್ದು ಅಂಕೆ ಹೊಡೆಯುವ ದಪ್ಪ ನೇರಳೆ ಮಸಿಯ ಪೆನ್ನು. ಅದರಲ್ಲಿ ಒಂದು ಸೊನ್ನೆ ಬರೆದರೆ ಅರ್ಧ ಟಿಕೆಟು ಮುಗಿಯಿತು. ಸೂಪರ್ವೈಸರ್ ತನ್ನ ಜೇಬಿನ ಪೆನ್ನು ಕೊಟ್ಟ. ಕೊಟ್ಟು, ಬಗ್ಗಿ ನೋಡುತ್ತ ನಿಂತ. ಒಂದು ಪಾಲು ಒಂದು ಗಂಟೆಗಿಂತ ಚೂರು ಕಡಿಮೆ ಬಂತು. ಏಳನೆಯ ಪಾಲು ಎರಡಕ್ಕೆ ಸ್ವಲ್ಪ ಮೊದಲು ಶುರುವಾಗಿ ಎರಡೂಮುಕ್ಕಾಲಿಗೆಲ್ಲ ಮುಗಿದಿತ್ತು. ನಾನು ಇನ್ನೊಮ್ಮೆ ತಾಳೆ ನೋಡಿದೆ. ಅದೇ ಬಂತು.

“ಮುಗಿದುಹೋಗಿದೆ ಅಕ್ಕ. ಈಗ ಶುದ್ಧ ಹೊತ್ತು. ಧಾರಾಳವಾಗಿ ತಗೊಳ್ಳಿ.”

ಅಕ್ಕನ ಮುಖ ಅರಳಿತು. ಒಂದು ಕೈ ಬೆನ್ನಿನಿಂದ ಈಚೆಗೂ ಬಂತು. ಬಂದದ್ದು ಲಕೋಟೆಯ ಹತ್ತಿರ ಹೋಗಿ ಅಲ್ಲೇ ನಿಂತಿತು.

“ಹಾಗಾದ್ರೆ ಸಿಸ್ಟರ್, ನಾನು ಗೆದ್ದದ್ದು ಎಷ್ಟು ಹೊತ್ತಿಗೆ?”

ನಾನು ಟಿಕೆಟು ನೋಡಿದೆ. ನೋಡದಿದ್ದರೂ ಗೊತ್ತಿತ್ತು. ಗೆದ್ದದ್ದು ಎರಡೂವರೆಗೆ, ಲೀಡ್ಸಿನ ರಾಹುಕಾಲದ ನಟ್ಟನಡುವೆ. ಉಡುಪಿಯ ಲೆಕ್ಕದಲ್ಲಿ ಗೆದ್ದದ್ದು ಶುಭ, ತೆಗೆದುಕೊಳ್ಳುವುದು ಅಶುಭ. ಲೀಡ್ಸಿನ ಲೆಕ್ಕದಲ್ಲಿ ತೆಗೆದುಕೊಳ್ಳುವುದು ಶುಭ, ಗೆದ್ದದ್ದೇ ಅಶುಭ. ಅಚ್ಚುಕಟ್ಟಾಗಿ ಲೆಕ್ಕ ಮಾಡಲು ಹೋದವಳು ಅಕ್ಕನ ಜಾಕ್‌ಪಾಟನ್ನು ಬುಡಸಮೇತ ರಾಹುವಿನ ಬಾಯಿಗೆ ಹಾಕಿದ್ದೆ. ಈಗೇನಾಯಿತು ಎಂದು ಸೂಪರ್ವೈಸರ್ ಕೇಳಿದ. ಟೈಮ್‌ಟೇಬಲು ಪರಿಷ್ಕರಣೆಯಾಗಿದೆ ಎಂದೆ. ಆತ ಮಷೀನಿಗೆ ಒರಗಿ ನಿಂತ.

ಮೂರೂಕಾಲು ದಾಟಿತು. ಮಷೀನು ಅದೇ ರಾಗವನ್ನು ಎಷ್ಟನೆಯ ಸಲವೋ ಮೊದಲಿನಿಂದ ಶುರುಮಾಡಿತು. ಆ ಮಷೀನೇ ಬೇಕೆಂದು ಕಾಯುತ್ತಿದ್ದ ಇಬ್ಬರು ಹೆಂಗಸರು ಚಹಾ ಕಪ್ಪು ಹಿಡಿದು ನಮ್ಮ ಹಿಂದೆ ಬಂದು ನಿಂತಿದ್ದರು. ಏನಾದರೂ ಹೇಳಬೇಕಲ್ಲ ಎಂದು ಹುಡುಕುತ್ತಿದ್ದೆ. ಗೆಲುವು ನಮ್ಮ ಪ್ರಯತ್ನವಲ್ಲ, ತಾನಾಗಿ ಆದದ್ದು, ಅದಕ್ಕೆ ರಾಹುಕಾಲ ಅನ್ವಯಿಸದು ಎಂದು ವಾದಿಸಬಹುದೇ ಎಂದು ಯೋಚಿಸುತ್ತಿದ್ದೆ. ಅಕ್ಕನಿಗೆ ನನ್ನ ವಾದ ಬೇಕಾಗಲಿಲ್ಲ. ಅವರು ಟಿಕೆಟನ್ನು ನೋಡಿದರು, ಲಕೋಟೆಯನ್ನು ನೋಡಿದರು, ಗೋಡೆಯ ಗಡಿಯಾರವನ್ನು ನೋಡಿದರು. ಆಮೇಲೆ ತೀರ್ಪು ಕೊಡುವವರ ಹಾಗೆ ನೆಟ್ಟಗೆ ಕೂತರು.

“ಗೆಲ್ಲುವಾಗ ನಾನು ನಂಬಿದ್ದು ಉಡುಪಿಯ ಗಂಟೆ. ಅದರಲ್ಲಿ ದೋಷ ಇಲ್ಲ. ತಗೊಳ್ಳುವಾಗ ನಂಬುದು ಲೀಡ್ಸಿನ ಗಂಟೆ. ಅದರಲ್ಲಿಯೂ ದೋಷ ಇಲ್ಲ. ಎರಡಕ್ಕೂ ಒಂದೇ ಗಂಟೆ ಆಗ್ಬೇಕು ಅಂತ ಎಲ್ಲಿ ಉಂಟು?”

ಇದು ನನ್ನಂಥವಳು ಒಪ್ಪುವ ಮಾತಲ್ಲ. ಒಬ್ಬನೇ ರೋಗಿಯ ಬಾಯಿಗೆ ಎರಡು ಥರ್ಮಾಮೀಟರು ಇಟ್ಟು, ಯಾವುದರಲ್ಲಿ ಜ್ವರ ಕಡಿಮೆಯೋ ಅದನ್ನು ಬರೆದುಕೊಂಡ ಹಾಗೆ. ನಮ್ಮ ಮೇಟ್ರನ್ ಕೇಳಿದ್ದರೆ ಟೋಪಿ ತೆಗೆದಿಟ್ಟು ರಾಜೀನಾಮೆ ಕೊಡುತ್ತಿದ್ದರು. ಹಾಗಾಗದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಬಲಗೈಯನ್ನು ಸೂಪರ್ವೈಸರನ ಮುಂದೆ ಚಾಚಿದ್ದರು. ನಾನು ಕೀಲಿಯನ್ನು ಮಷೀನಿನ ಪಕ್ಕೆಗೆ ಹಿಡಿದು ಸಿದ್ಧಳಾದೆ.

ಆತ ಹಣ ಕೊಟ್ಟ. ಅಕ್ಕ ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿದರು, ಕನ್ನಡದಲ್ಲಿ ಸಹಿ ಮಾಡಿದರು. ಆಮೇಲೆ ನಾನು ಕೀಲಿ ತೂರಿಸಿ ತಿರುಗಿಸಿದೆ. ರಾಗ ಥಟ್ಟನೆ ನಿಂತಿತು. ಅಷ್ಟು ಹೊತ್ತು ಕೇಳಿದ ಕಿವಿಗೆ ಆ ನಿಶ್ಶಬ್ದವೇ ದೊಡ್ಡ ಸದ್ದಿನಂತೆ ತೋರಿತು. ಚಹಾ ಕಪ್ಪಿನ ಹೆಂಗಸರಲ್ಲಿ ಒಬ್ಬಳು ಅಕ್ಕ ಎದ್ದ ಸೀಟಿಗೆ ತಕ್ಷಣ ಕೂತಳು. ಅದೃಷ್ಟದ ಬಿಸಿ ಆರುವ ಮೊದಲೇ ಕೂರಬೇಕಂತೆ. ಅವರದೂ ಒಂದು ಶಾಸ್ತ್ರ. ಅಕ್ಕ ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು, ಶಾಲೆಯ ಕಡೆಗೆ ಓಡಿದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುವವರಿಗೆ ಕಾರು ಯಾಕೆ ಎಂದು ಸೂಪರ್ವೈಸರ್ ಕೇಳಿದ.

ಹೊಸ ವರ್ಷ ಕಳೆದ ಮೇಲೆ ಪಾಠ ಶುರುವಾಯಿತು. ಕಲಿಸುವವರು ನಿವೃತ್ತ ಬಸ್ ಡ್ರೈವರು, ಸಮಾಧಾನದ ಮನುಷ್ಯ. ಭಾಷೆ ತೊಡಕಾದರೆ ಇರಲಿ ಎಂದು ಅಕ್ಕ ನನ್ನ ನಂಬರು ಕೊಟ್ಟಿದ್ದರು. ಮೊದಲ ಕೆಲವು ಪಾಠಗಳಾದ ಮೇಲೆ ಆತ ನನಗೆ ಫೋನು ಮಾಡಿದರು. ಆಕೆ ಚೆನ್ನಾಗಿ ಓಡಿಸುತ್ತಾರೆ, ಹಾರ್ನು ಮಾತ್ರ ಸ್ವಲ್ಪ ಹೆಚ್ಚು ಎಂದರು. ಮಗಳಿಗೂ ಅಳಿಯನಿಗೂ ವಿಷಯ ತಿಳಿದಾಗಿದೆ, ಅಳಿಯ ನಕ್ಕರೋ ಇಲ್ಲವೋ ಎಂದು ನೋಡಲು ಆಕೆಗೆ ಪುರುಸೊತ್ತಿರಲಿಲ್ಲವಂತೆ, ಆಗ ರಿವರ್ಸ್ ಮಾಡುತ್ತಿದ್ದರಂತೆ. ಆತನಿಗೆ ತಿಳಿಯದ್ದು ಒಂದೇ: ಮಂಗಳವಾರದ ಪಾಠದಲ್ಲಿ ಒಂದು ಹೊತ್ತು ಬೇಡವೆನ್ನುತ್ತಾರೆ, ಆ ಹೊತ್ತು ವಾರದಿಂದ ವಾರಕ್ಕೆ ಸರಿಯುತ್ತ ಹೋಗುತ್ತಿದೆ, ಉದ್ದವೂ ಆಗುತ್ತಿದೆ.

ನಾನು ಸೂರ್ಯೋದಯದಿಂದ ಶುರುಮಾಡಿ ವಿವರಿಸಿದೆ. ಆತ ಮನೆಯ ಹಿತ್ತಿಲಲ್ಲಿ ಆಲೂಗಡ್ಡೆ ಬೆಳೆಯುವವರು, ಚಂದ್ರನನ್ನು ನೋಡಿ ನೆಡುವವರಂತೆ. ಎಂಟು ಪಾಲಿನ ಮಾತು ಅವರಿಗೆ ವಿಚಿತ್ರವೆನಿಸಲಿಲ್ಲ. ಬೇಸಿಗೆಯಲ್ಲಿ ಅದು ಎಷ್ಟು ಉದ್ದವಾಗುತ್ತದೆ ಎಂದು ಮಾತ್ರ ಕೇಳಿದರು. ಜೂನಿನಲ್ಲಿ ಇಲ್ಲಿನ ಹಗಲಿಗೆ ಎರಡು ಗಂಟೆಗೂ ಮೇಲೆ ಬರುತ್ತದೆ ಎಂದೆ.

ಫೋನಿನ ಆ ಕಡೆ ಡೈರಿಯ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ ಆತ, ಹಾಗಾದರೆ ಏಪ್ರಿಲಿನೊಳಗೆ ಆಕೆಯನ್ನು ಪಾಸು ಮಾಡಿಸಿಬಿಡುತ್ತೇನೆ ಎಂದರು.